ಒಂದೇ ಮೀನು, ಎರಡು ಕಡಲು



ನಮ್ಮ ಕರಾವಳಿಯ ಮೀನುಪೇಟೆಯನ್ನು ಬಲ್ಲವರಿಗೆಲ್ಲ ಬೂತಾಯಿ ಗೊತ್ತು. ಮಂಗಳೂರಿನಲ್ಲಿ ಬೂತಾಯಿ ಎನಿಸಿಕೊಂಡದ್ದು ಕಾರವಾರಕ್ಕೆ ಹೋದರೆ ತಾರ್ಲೆ. ಅಲ್ಲಿ ಬದಲಾದದ್ದು ಮಾತೇ ಹೊರತು ಮೀನಲ್ಲ. ಇದೇ ಬಳಗಕ್ಕೆ ಸೇರಿದ ಹೆರಿಂಗ್ ಎಂಬ ಮೀನು ಯೂರೋಪಿನ ಉತ್ತರದ ಕಡಲುಗಳಲ್ಲಿ ಹೇರಳವಾಗಿದೆ. ಸ್ವೀಡನ್ ದೇಶದಲ್ಲಿ ಅದಕ್ಕೂ ಎರಡು ಹೆಸರು. ಕಾಲ್ಮಾರ್ ಎಂಬ ಊರಿನ ತೆಂಕಣಕ್ಕೆ ಸಿಕ್ಕಿದರೆ ಅದು ‘ಸಿಲ್’. ಬಡಗಣಕ್ಕೆ, ಬಾಲ್ಟಿಕ್ ಸಮುದ್ರದ ಒಳಭಾಗದಲ್ಲಿ ಸಿಕ್ಕಿದರೆ ‘ಸ್ಟ್ರೊಮಿಂಗ್’. ಆಡುವ ಭಾಷೆ ಮಾತ್ರ ಎರಡೂ ಕಡೆ ಒಂದೇ. ಹಾಗಾದರೆ ಅಲ್ಲಿ ಬೇರೆಯಾದದ್ದು ಬರಿಯ ಹೆಸರೆ, ಮೀನೂ ಬೇರೆಯೆ? ಈ ಪ್ರಶ್ನೆಗೆ ಉತ್ತರ ದೊರೆಯಲು ಎರಡೂವರೆ ಶತಮಾನ ಬೇಕಾಯಿತು.

ಮೊದಲು ಆ ಎರಡು ಕಡಲುಗಳ ವಿಚಾರ. ಅಟ್ಲಾಂಟಿಕ್ ಸಾಗರದ ಸಾವಿರ ತೂಕ ನೀರಿನಲ್ಲಿ ಸುಮಾರು ೩೫ ತೂಕ ಉಪ್ಪಿರುತ್ತದೆ. ಬಾಲ್ಟಿಕ್ ಸಮುದ್ರವಾದರೋ ಇಕ್ಕಟ್ಟಾದ ಬಾಗಿಲಿನ ಮನೆಯಂತೆ. ಹೊರಗಿನ ಉಪ್ಪುನೀರು ಒಳಗೆ ಬರುವುದು ಸ್ವಲ್ಪ. ನದಿಗಳು ತಂದು ಸುರಿಯುವ ಸಿಹಿನೀರು ಬಹಳ. ಒಳಕ್ಕೆ ಹೋದಷ್ಟೂ ನೀರು ಸಪ್ಪೆ. ಉತ್ತರದ ಕೊನೆಯಲ್ಲಿ ಉಪ್ಪು ಸಾವಿರಕ್ಕೆ ಎರಡು ಮೂರಕ್ಕೆ ಇಳಿಯುತ್ತದೆ. ಇಂಥ ನೀರಿನಲ್ಲಿ ಬೆಳೆದ ಹೆರಿಂಗ್ ಗಾತ್ರದಲ್ಲಿ ಚಿಕ್ಕದು, ಅದರಲ್ಲಿ ಕೊಬ್ಬೂ ಕಡಿಮೆ. ಇದನ್ನು ಗಮನಿಸಿಯೇ ಸ್ವೀಡನ್ನಿನ ಲಿನೀಯಸ್ ಪಂಡಿತನು ೧೭೬೧ರಲ್ಲಿ ಬಾಲ್ಟಿಕ್ ಹೆರಿಂಗಿಗೆ ಪ್ರತ್ಯೇಕ ಉಪನಾಮವನ್ನು ಕೊಟ್ಟನು.

ಆ ಬಳಿಕ ಜರ್ಮನಿಯ ಹೈಂಕೆ ಎಂಬ ವಿಜ್ಞಾನಿ ಸಾವಿರಾರು ಹೆರಿಂಗುಗಳನ್ನು ಅಳೆದು, ಬೆನ್ನುಮೂಳೆಯ ಮಣಿಗಳನ್ನು ಎಣಿಸಿ, ಒಂದೊಂದು ಕಡಲಿಗೂ ಒಂದೊಂದು ಒಳಕುಲವಿದೆಯೆಂದು ೧೮೯೮ರಲ್ಲಿ ಸಾರಿದನು. ಆದರೆ ಒಂದು ತೊಡಕು ಉಳಿಯಿತು. ಮೊಟ್ಟೆಯೊಡೆಯುವ ಕಾಲದ ನೀರು ತಣ್ಣಗಿತ್ತೆ, ಬೆಚ್ಚಗಿತ್ತೆ ಎಂಬುದರ ಮೇಲೂ ಮೀನಿನ ಮಣಿಗಳ ಎಣಿಕೆ ಹೆಚ್ಚು ಕಡಿಮೆಯಾಗುತ್ತದೆ. ನೆರಳಿನಲ್ಲಿ ನೆಟ್ಟ ಗಿಡ ಬಿಸಿಲಿಗಾಗಿ ಉದ್ದಕ್ಕೆ ಬೆಳೆದರೆ ಅದು ಬೀಜದ ಗುಣವೆಂದು ಹೇಳಬಹುದೆ? ಹೆರಿಂಗಿನ ವಿಷಯದಲ್ಲಿಯೂ ಇದೇ ಸಂದೇಹ.

ಬೀಜದ ಗುಣವನ್ನೇ ನೇರವಾಗಿ ಪರೀಕ್ಷಿಸಬೇಕೆಂದು ಸ್ವೀಡನ್ನಿನ ವಿಜ್ಞಾನಿಗಳು ಮೀನಿನ ದೇಹದ ಪ್ರೋಟೀನುಗಳನ್ನು ಹೋಲಿಸಿ ನೋಡಿದರು. ೧೯೮೪ರಲ್ಲಿ ಅವರು ಪ್ರಕಟಿಸಿದ ಉತ್ತರ ಎಲ್ಲರನ್ನೂ ಬೆರಗುಗೊಳಿಸುವಂಥದು: ಎರಡು ಕಡಲುಗಳ ಹೆರಿಂಗುಗಳಲ್ಲಿ ವ್ಯತ್ಯಾಸ ಇಲ್ಲವೆನ್ನುವಷ್ಟು ಅತ್ಯಲ್ಪ! ಇದಕ್ಕೊಂದು ಕಾರಣವುಂಟು. ಚಿಕ್ಕ ಹಳ್ಳಿಯಲ್ಲಿ ಒಂದು ಸಂಸಾರ ಸಂತಾನವಿಲ್ಲದೆ ಹೋದರೆ ಒಂದು ಮನೆತನದ ಹೆಸರೇ ಅಳಿಯುತ್ತದೆ. ದೊಡ್ಡ ನಗರದಲ್ಲಿ ಅದೇ ಹೆಸರಿನವರು ಇನ್ನೂ ನೂರು ಮಂದಿ ಇರುತ್ತಾರೆ. ಹೆರಿಂಗಿನ ಹಿಂಡುಗಳು ಮಹಾನಗರಗಳಿದ್ದಂತೆ. ಕೇವಲ ಆಕಸ್ಮಿಕದಿಂದ ಅವುಗಳ ವಂಶವಾಹಿಗಳು ಬೇರೆಯಾಗುವುದು ಬಲು ನಿಧಾನ.

ಹಾಗಾದರೆ ಎಲ್ಲ ಹೆರಿಂಗೂ ಒಂದೇ ಎಂದುಬಿಡೋಣವೆ? ಅವಸರ ಬೇಡ. ಉಪ್ಸಾಲಾ ವಿಶ್ವವಿದ್ಯಾಲಯದ ಲೈಫ್ ಆಂಡರ್ಸನ್ ಮತ್ತು ಅವರ ಸಂಗಡಿಗರು ಹೆರಿಂಗಿನ ವಂಶಲಿಪಿಯನ್ನೆಲ್ಲ ಓದಿ ೨೦೧೬ರಲ್ಲಿ ಪ್ರಕಟಿಸಿದರು. ಲಿಪಿಯ ಬಹುಭಾಗ ಎರಡೂ ಕಡೆ ಒಂದೇ ಎಂಬ ಹಳೆಯ ಮಾತು ನಿಜವಾಯಿತು. ಆದರೆ ಕೆಲವು ನೂರು ತಾಣಗಳಲ್ಲಿ ಮಾತ್ರ ಖಚಿತವಾದ ಭೇದ ಕಂಡಿತು. ಸಪ್ಪೆ ನೀರಿನ ಬಾಳಿಗೆ ಸಂಬಂಧಿಸಿದ ತಾಣಗಳು ಕೆಲವು. ವಸಂತದಲ್ಲಿ ಮೊಟ್ಟೆಯಿಡಬೇಕೆ, ಶರತ್ಕಾಲದಲ್ಲಿಯೆ ಎಂಬುದಕ್ಕೆ ಸಂಬಂಧಿಸಿದವು ಇನ್ನು ಕೆಲವು. ೨೦೧೯ರಲ್ಲಿ ಕಣ್ಣಿನ ವಿಚಾರವೂ ಹೊರಬಿದ್ದಿತು. ಬಾಲ್ಟಿಕ್ ನೀರಿನಲ್ಲಿ ನೀಲಿ ಬೆಳಕು ಬೇಗ ಅಡಗುತ್ತದೆ, ಕೆಂಪು ಛಾಯೆಯದೇ ಹೆಚ್ಚು. ಮಂದ ಬೆಳಕನ್ನು ಹಿಡಿಯುವ ರೊಡಾಪ್ಸಿನ್ ಎಂಬ ಪ್ರೋಟೀನಿನ ೨೬೧ನೆಯ ಸ್ಥಾನದಲ್ಲಿ ಒಂದೇ ಒಂದು ಅಂಶ ಬದಲಾಗಿ, ಅಲ್ಲಿನ ಹೆರಿಂಗಿನ ಕಣ್ಣು ಆ ಬೆಳಕಿಗೆ ಒಗ್ಗಿದೆ. ಬಾಲ್ಟಿಕ್ ಈಗಿನಂತೆ ಅರೆಯುಪ್ಪಿನ ಕಡಲಾಗಿ ಸುಮಾರು ಎಂಟು ಸಾವಿರ ವರ್ಷಗಳಾದವು, ಅಷ್ಟೇ.

ದೂರದ ಮೀನಿನ ಈ ಕಥೆ ನಮಗೇಕೆ ಎಂದು ತಾವು ಕೇಳಬಹುದು. ಮೀನನ್ನು ಮುಟ್ಟದ ಮನೆಯವರಿಗೂ ತಿಳಿಯುವ ಒಂದು ಉದಾಹರಣೆ ಉತ್ತರ ಕನ್ನಡದಲ್ಲೇ ಇದೆ. ಅಘನಾಶಿನಿ ನದಿ ಕಡಲನ್ನು ಸೇರುವೆಡೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆದು ನಿಲ್ಲಬಲ್ಲ ಕಗ್ಗ ಭತ್ತವನ್ನು ಬೆಳೆಯುತ್ತಾರೆ. ನೋಟಕ್ಕೆ ಅದೂ ಭತ್ತವೇ. ಆದರೆ ಕಗ್ಗದ ಬೀಜ ಒಮ್ಮೆ ತಪ್ಪಿಹೋದರೆ, ಘಟ್ಟದ ಮೇಲಿನ ಕಣಜ ತುಂಬಿದ್ದರೂ ಆ ಗದ್ದೆಗೆ ಬಿತ್ತಲು ಬೀಜವಿಲ್ಲ.

ಕಡಲಿನಲ್ಲಿಯೂ ಹಾಗೆಯೇ. ಕಡಲಿಗೆ ಬೇಲಿಯಿಲ್ಲ, ಇಲ್ಲಿ ಹಿಡಿದು ಮುಗಿಸಿದರೆ ಅಲ್ಲಿಂದ ಬಂದು ತುಂಬುತ್ತದೆ ಎಂಬ ನಂಬಿಕೆ ಬಹು ಹಳೆಯದು. ಸಪ್ಪೆ ನೀರಿಗೆ ಒಗ್ಗಿದ ಹಿಂಡು ಅಳಿದರೆ, ಅಟ್ಲಾಂಟಿಕ್ಕಿನ ಮೀನು ಎಷ್ಟೇ ಇದ್ದರೂ ಅದರ ಸ್ಥಾನವನ್ನು ಸುಲಭವಾಗಿ ತುಂಬಲಾರದು. ಬಾಲ್ಟಿಕ್ಕಿನಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಶರತ್ಕಾಲದಲ್ಲಿ ಮೊಟ್ಟೆಯಿಡುವ ಹೆರಿಂಗೇ ಹೆಚ್ಚಾಗಿ ಬಲೆಗೆ ಬೀಳುತ್ತಿತ್ತು. ಇಂದು ವಸಂತದ್ದೇ ಹೆಚ್ಚು. ಆದ್ದರಿಂದ ಇಷ್ಟು ಟನ್ನು ಹಿಡಿಯಬಹುದೆಂದು ಲೆಕ್ಕ ಹಾಕುವವರು, ಯಾವ ಹಿಂಡಿನಿಂದ ಎಷ್ಟು ಎಂದು ಕೇಳಲೇಬೇಕು. ಇಡೀ ಕಡಲಿನ ಮೊತ್ತ ಸರಿಯಿದ್ದರೂ ಒಂದು ಹಿಂಡು ಸದ್ದಿಲ್ಲದೆ ಮುಗಿದುಹೋಗಿರಬಹುದು.

ನಮ್ಮ ಬೂತಾಯಿಯೂ ಒಮಾನಿನ ತೀರದಿಂದ ನಮ್ಮ ಪಡುಗಡಲಿನವರೆಗೆ ಹರಡಿರುವ ಮೀನು. ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಅದರ ವಂಶಲಿಪಿಯನ್ನು ೨೦೨೩ರಲ್ಲಿ ಹೊರತಂದಿದ್ದಾರೆ. ಕಾಲ್ಮಾರಿನ ಬೆಸ್ತರು ಹೆಸರಿನಲ್ಲಿ ಗುರುತಿಸಿದ ಭೇದ ಹೆರಿಂಗಿನ ವಂಶಲಿಪಿಯಲ್ಲಿಯೂ ಕಂಡಿತು. ನಮ್ಮ ಬುಟ್ಟಿಯಲ್ಲಿ ಒಂದೇ ಹೆಸರಿನಿಂದ ಬಿದ್ದಿರುವ ಬೂತಾಯಿಗಳೆಲ್ಲ ಒಂದೇ ಹಿಂಡಿನವೆ ಎಂದು ಕೇಳುವ ಕಾಲ ಈಗ ನಮಗೂ ಬಂದಿದೆ. ಬಲೆ ಬರಿದಾದ ಮೇಲೆ ಕೇಳುವುದಕ್ಕಿಂತ ತುಂಬಿರುವಾಗಲೇ ಕೇಳುವುದು ಮೇಲು.