ಸಗರನಾಡಿನ ವಿದ್ಯಾರ್ಥಿಗಳೂ ಗಣಕಶಾಸ್ತ್ರದ ಮೊದಲ ಪಾಠವೂ



ಯಾದಗಿರಿ, ಶಹಾಪುರ, ಸುರಪುರ ಈ ಮೂರು ಸ್ಥಳಗಳ ಸುತ್ತಣ ಅನೇಕ ಮನೆಗಳಿಂದ ಈಗ ಮಕ್ಕಳು ಇಂಜಿನಿಯರಿಂಗ್ ವಿದ್ಯೆಗಾಗಿ ಕಲಬುರಗಿಗೋ ರಾಯಚೂರಿಗೋ ಬೆಂಗಳೂರಿಗೋ ಹೊರಡುತ್ತಿರುವರು. ಅವರಲ್ಲಿ ಬಹುಮಂದಿಗೆ ಗಣಕಯಂತ್ರದ ವಿಭಾಗವೇ ಬೇಕು. ಒಕ್ಕಲುತನದ ತಂದೆಯು ತೊಗರಿ, ಹತ್ತಿ ಮಾರಿ ಬಂದ ಹಣವನ್ನು ಶುಲ್ಕವಾಗಿ ಕಟ್ಟಿ, ಮಗನನ್ನೋ ಮಗಳನ್ನೋ ವಸತಿಗೃಹದಲ್ಲಿ ಬಿಟ್ಟು, ಇನ್ನು ನಿಶ್ಚಿಂತೆಯೆಂದು ಊರಿಗೆ ಮರಳುವನು. ಆದರೆ ಮೊದಲನೆಯ ವರ್ಷದಲ್ಲಿ ಆ ಮಗುವು ಕಲಿಯತಕ್ಕ ಪಾಠವು ಯಾವುದು, ಅದರಲ್ಲಿ ಎಡವುವುದೆಲ್ಲಿ, ಎಂಬುದನ್ನು ಮನೆಯವರು ಅರಿಯರು. ಕೇಳಿದರೆ ಹುಡುಗನೂ ಬಾಯಿಬಿಟ್ಟು ಹೇಳನು. ಈ ದಿನದ ಉಪನ್ಯಾಸದ ವಿಷಯವು ಅದೇ.

ಎಣಿಕೆಯ ಶಾಸ್ತ್ರವು ಈ ಸೀಮೆಗೆ ಹೊಸತಲ್ಲ. ಯಾದಗಿರಿಗೆ ಬಹುದೂರವಲ್ಲದ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟವಾಗಿತ್ತು. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ಬರೆದನು. ಹನ್ನೆರಡನೆಯ ಶತಮಾನದ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ರಚಿಸಿದನು. ಹೀಗಿದ್ದರೂ, ಪೂರ್ವಿಕರ ಹೆಸರನ್ನು ಹೇಳಿಕೊಂಡ ಮಾತ್ರಕ್ಕೆ ಈಗಿನ ಹುಡುಗನು ಪರೀಕ್ಷೆಯಲ್ಲಿ ತೇರ್ಗಡೆಯಾಗನು.

ಪಾಠದ ಮೊದಲು, ಯಂತ್ರವು ಎಣಿಸುವ ಬಗೆಯನ್ನು ಹೇಳಿಕೊಡುವರು. ಯಂತ್ರಕ್ಕೆ ಗೊತ್ತಿರುವುದು ವಿದ್ಯುತ್ತಿನ ಎರಡೇ ಸ್ಥಿತಿಗಳು. ಅವನ್ನು ೦ ಎಂತಲೂ ೧ ಎಂತಲೂ ಬರೆಯುವುದುಂಟು. ಬಲಗಡೆಯಿಂದ ಒಂದನೆಯ, ಎರಡನೆಯ, ನಾಲ್ಕನೆಯ, ಎಂಟನೆಯ ಸ್ಥಾನಗಳೆಂದು ಇಟ್ಟುಕೊಂಡರೆ, ಹದಿಮೂರನ್ನು ೧೧೦೧ ಎಂದು ಬರೆಯಬೇಕು: ಎಂಟು, ನಾಲ್ಕು, ಒಂದು. ಸತ್ಯಾಸತ್ಯಗಳನ್ನು ಗಣಿತದಂತೆ ಕೂಡಿಸಿ ಗುಣಿಸಬಹುದೆಂದು ಜಾರ್ಜ್ ಬೂಲ್ ಎಂಬವನು ೧೮೫೪ರಲ್ಲಿ ತೋರಿಸಿದನು. ಆ ಗಣಿತವನ್ನು ವಿದ್ಯುತ್ತಿನ ಸ್ವಿಚ್ಚುಗಳಿಂದಲೇ ನಡೆಯಿಸಬಹುದೆಂದು ಕ್ಲಾಡ್ ಶ್ಯಾನನ್ ೧೯೩೭ರಲ್ಲಿ ತೋರಿಸಿದನು. ಅನಂತರ, ಬೆಲ್ ಪ್ರಯೋಗಾಲಯದ ಡೆನ್ನಿಸ್ ರಿಚಿಯು ೧೯೭೨ರ ಸುಮಾರಿಗೆ ರೂಪಿಸಿದ 'ಸಿ' ಭಾಷೆಯಲ್ಲಿ ಯಂತ್ರಕ್ಕೆ ಆಜ್ಞೆಗಳನ್ನು ಬರೆಯುವ ಅಭ್ಯಾಸ. ೧೯೯೮ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಮೊದಲ ವರ್ಷದ ಮಕ್ಕಳು ಬಹುಕಾಲದಿಂದ ಇದನ್ನು ಓದುತ್ತ ಬಂದಿರುವರು. ಪೈಥಾನ್ ಎಂಬ ಭಾಷೆಯು ಸಹ ಆ ಮೇಲೆ ಬಂದು ಸೇರಿತು.

ಎಡವುವುದು ಇಲ್ಲಿಯೇ. ಸಾಲೆಯಲ್ಲಿ ಹತ್ತು ವರ್ಷ ಗಣಿತ ಕಲಿತ ಹುಡುಗನ ಮುಂದೆ ಅಧ್ಯಾಪಕರು ಹಲಗೆಯ ಮೇಲೆ 'ಕ = ಕ + ೧' ಎಂದು ಬರೆಯುವರು. ಯಾವ ಸಂಖ್ಯೆಯೂ ತನಗಿಂತ ಒಂದು ಹೆಚ್ಚಾಗಿರಲಾರದು. ಆದುದರಿಂದ ಇದು ಸುಳ್ಳೆಂದು ಅವನ ಬುದ್ಧಿ ಹೇಳುವುದು. ಅವನ ಬುದ್ಧಿಯು ಹೇಳುವುದು ಸರಿಯಾಗಿಯೇ ಇದೆ! ಸಾಲೆಯಲ್ಲಿ ಸಮಚಿಹ್ನೆಯು ಒಂದು ಸಂಗತಿಯನ್ನು ಸಾರುತ್ತಿತ್ತು. ಇಲ್ಲಿ ಅದು ಅಪ್ಪಣೆ ಮಾಡುವುದು. ಕ ಎಂಬ ಗಡಿಗೆಯಲ್ಲಿ ಇರುವುದನ್ನು ತೆಗೆದು, ಅದಕ್ಕೆ ಒಂದು ಕೂಡಿಸಿ, ತಿರುಗಿ ಅದೇ ಗಡಿಗೆಯಲ್ಲಿ ಇಡು ಎಂಬುದೇ ಅದರ ಅರ್ಥ. ಎರಡು ಸಮವೋ ಎಂದು ಕೇಳಬೇಕಾದರೆ ಚಿಹ್ನೆಯನ್ನು ಎರಡು ಸಲ ಬರೆಯಬೇಕು. ಒಂದು ಬರೆದರೆ ಯಂತ್ರವು ತಕರಾರಿಲ್ಲದೆ ತಪ್ಪು ಕೆಲಸವನ್ನೇ ಮಾಡುವುದುಂಟು. ಅದರಂತೆಯೇ, ಪೂರ್ಣಾಂಕಗಳಾದ ಏಳನ್ನು ಎರಡರಿಂದ ಭಾಗಿಸೆಂದರೆ 'ಸಿ' ಭಾಷೆಯು ಮೂರು ಎಂದೇ ಉತ್ತರ ಕೊಡುವುದು. ಏಳು ಎಕರೆ ಹೊಲವನ್ನು ಅಣ್ಣತಮ್ಮಂದಿರಿಬ್ಬರಿಗೆ ಹಂಚಲು ಕುಳಿತ ಪಂಚನು ಮೂರುಮೂರು ಎಕರೆ ಕೊಟ್ಟು, ಉಳಿದ ಒಂದೆಕರೆಯ ಮಾತನ್ನೇ ಎತ್ತದೆ ಎದ್ದುಹೋದಂತೆ.

ಈ ತೊಡಕುಗಳು ಯಾವ ದೇಶದ ಹುಡುಗನಿಗೂ ಬರತಕ್ಕವೇ. ಕನ್ನಡದಲ್ಲಿ ಓದಿ ಬಂದವನಿಗಾದರೋ ಅವು ಇಂಗ್ಲಿಷಿನಲ್ಲಿ ಸುತ್ತಿಕೊಂಡು ಬರುವುವು. ತನಗೆ ತಿಳಿಯದಿರುವುದು ಗಣಿತವೋ ಭಾಷೆಯೋ ಎಂಬುದನ್ನು ಅವನು ಬೇರ್ಪಡಿಸಲಾರನು. ಪ್ರಶ್ನೆ ಕೇಳಲು ನಾಚುವನು. ಕೊನೆಗೆ ತಾನೇ ದಡ್ಡನೆಂದು ನಿಶ್ಚಯಿಸಿಕೊಳ್ಳುವನು. ಈ ಸೀಮೆಯ ಹಿರಿಯರು ಇಂತಹ ಕಷ್ಟವನ್ನು ಒಮ್ಮೆ ಉಂಡವರೇ. ನಿಜಾಮರ ಆಳಿಕೆಯಲ್ಲಿ, ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಇಂಜಿನಿಯರಿಂಗನ್ನು ಸಹ ಉರ್ದುವಿನಲ್ಲಿ ಕಲಿಸುತ್ತಿತ್ತು. ಅದಕ್ಕಾಗಿ ಭಾಷಾಂತರದ ಇಲಾಖೆಯನ್ನೇ ನಿಲ್ಲಿಸಿತ್ತು. ದೇಶಭಾಷೆಯಲ್ಲಿ ಯಂತ್ರಶಾಸ್ತ್ರವು ಸಾಧ್ಯವೆಂಬುದಕ್ಕೆ ಅದು ದೊಡ್ಡ ನಿದರ್ಶನವು. ಆದರೆ ಕನ್ನಡ ಮನೆಯ ಹುಡುಗನಿಗೆ ಆ ದೇಶಭಾಷೆಯೂ ಮನೆಯ ಭಾಷೆಯಾಗಿರಲಿಲ್ಲ. ೧೯೪೮ರಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ಸೇರಿತು, ೧೯೫೬ರಲ್ಲಿ ಈ ಭಾಗವು ಮೈಸೂರು ರಾಜ್ಯಕ್ಕೆ ಬಂದಿತು, ೧೯೫೮ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯು ಕಲಬುರಗಿಯಲ್ಲಿ ಇಂಜಿನಿಯರಿಂಗ್ ಕಾಲೇಜನ್ನು ತೆರೆಯಿತು. ಸಂವಿಧಾನದ ೩೭೧-ಜೆ ವಿಧಿಯ ಮೇರೆಗೆ ೨೦೧೩ರಲ್ಲಿ ಹೊರಟ ಆಜ್ಞೆಯಿಂದ ಈ ಭಾಗದ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ ೭೦, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನೂರಕ್ಕೆ ೮ ಸ್ಥಾನಗಳು ಇಲ್ಲಿಯವರಿಗೆ ಮೀಸಲಾದುವು. ಬಾಗಿಲು ತೆರೆಯಿತು, ಸರಿ. ಒಳಗೆ ಕುಳಿತವನಿಗೆ ಪಾಠ ತಿಳಿಯುವಂತೆ ಮಾಡುವುದು ಮೀಸಲಾತಿಯ ಕೈಯಲ್ಲಿಲ್ಲ. ೨೦೨೧ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯು ಕನ್ನಡವೂ ಸೇರಿ ದೇಶಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಒಪ್ಪಿಗೆ ಕೊಟ್ಟಿತು. ಆದಾಗ್ಯೂ ಒಪ್ಪಿಗೆಯ ಕಾಗದವೇ ಪಠ್ಯಪುಸ್ತಕವಾಗಲಾರದು.

ಕನ್ನಡವು ಯಂತ್ರಕ್ಕೆ ಒಗ್ಗದೆಂದು ಕೆಲವರು ಇನ್ನೂ ಹೇಳುವುದುಂಟು. 'ಸುರಪುರ' ಎಂಬ ಪದವನ್ನೇ ನೋಡಬಹುದು. ಕಣ್ಣಿಗೆ ಕಾಣುವ ಅಕ್ಷರಗಳು ನಾಲ್ಕು. ಯೂನಿಕೋಡ್ ಎಂಬ ಸಂಕೇತದಲ್ಲಿ ಉಕಾರದ ಕೊಂಬುಗಳೆರಡೂ ಬೇರೆಯಾದುದರಿಂದ ಸಂಕೇತಗಳು ಆರು. ಅವನ್ನು ಈಗ ಬಳಕೆಯಲ್ಲಿರುವ ಯುಟಿಎಫ್-೮ ಕ್ರಮದಿಂದ ಶೇಖರಿಸಿದರೆ ಒಂದೊಂದಕ್ಕೆ ಮೂರು ಬೈಟುಗಳಂತೆ ಹದಿನೆಂಟು ಬೈಟುಗಳು. 'ಸಿ' ಭಾಷೆಯಲ್ಲಿ ಪದದ ಉದ್ದ ಕೇಳಿದರೆ ಹದಿನೆಂಟೆಂದೇ ಬರುವುದು. ಬೈಟುಗಳನ್ನು ಹಿಂದುಮುಂದಾಗಿ ತಿರುಗಿಸಿದರೆ ಕನ್ನಡವೇ ಉಳಿಯದು. ಇಂಗ್ಲಿಷ್ ಪದಗಳಿಂದಲೇ ಅಭ್ಯಾಸ ಮಾಡಿದವನಿಗೆ ಅಕ್ಷರವೂ ಬೈಟೂ ಒಂದೇ ಎಂಬ ಭ್ರಮೆಯು ಬಹುದಿನ ಉಳಿಯುವುದು. ಕನ್ನಡದ ಹುಡುಗನು ತನ್ನ ಊರಿನ ಹೆಸರಿನಿಂದಲೇ ಅದನ್ನು ಮೊದಲ ತಿಂಗಳಲ್ಲಿ ಕಳೆದುಕೊಳ್ಳಬಹುದು.

ಮಠಗಳು ಈ ವಿದ್ಯೆಗೆ ಹೊರಗಿನವಲ್ಲ. ತುಮಕೂರಿನ ಸಿದ್ಧಗಂಗಾ ಮಠದ ಇಂಜಿನಿಯರಿಂಗ್ ಕಾಲೇಜು ೧೯೬೩ರಷ್ಟು ಹಿಂದಿನದು. ಎಲ್ಲ ಮಠಗಳಿಂದಲೂ ಕಾಲೇಜು ಆಗದು, ಆಗಬೇಕಾದುದೂ ಇಲ್ಲ. ಪ್ರಸಾದನಿಲಯವಿರುವಲ್ಲಿ ಒಂದು ಹಲಗೆ, ಸುಣ್ಣದ ಕಡ್ಡಿ, ರಜೆಗೆ ಬಂದ ಹಿರಿಯ ವಿದ್ಯಾರ್ಥಿ ಒಬ್ಬ, ಇಷ್ಟಿದ್ದರೆ ಪಾಠವು ನಡೆದೀತು, ಯಂತ್ರವೂ ಬೇಡ. ಒಂದರಿಂದ ಹತ್ತರವರೆಗೆ ಕೂಡಿಸುವ ಆಜ್ಞೆಗಳನ್ನು ಬರೆದು, ಪಕ್ಕದಲ್ಲಿ ಎರಡು ಸಾಲು ಗೆರೆ ಎಳೆದು, ಪ್ರತಿ ಸುತ್ತಿನಲ್ಲಿಯೂ ಎಣಿಕೆಯೆಷ್ಟು, ಮೊತ್ತವೆಷ್ಟು ಎಂದು ಕನ್ನಡದಲ್ಲಿಯೇ ಹೇಳುತ್ತ ಬರೆಯಿಸಬೇಕು: ಒಂದು, ಮೂರು, ಆರು, ಹತ್ತು. ಐವತ್ತೈದು ಬಂದ ಮೇಲೆ, ಅದನ್ನೇ ಇಂಗ್ಲಿಷಿನಲ್ಲಿ ಹೇಳಿಸಬೇಕು. ಕಾಲೇಜಿಗೆ ಹೊರಡುವ ಮುಂಚಿನ ಬೇಸಗೆಯಲ್ಲಿ ಒಂದು ತಿಂಗಳು, ದಿನಕ್ಕೊಂದು ತಾಸು ಸಾಕು.