ಎಷ್ಟು ಕೊಡುತ್ತೆ? ಮೈಲೇಜ್ ಜಾಹೀರಾತು ಮತ್ತು ಹಳದಿ ಬೋರ್ಡ್ ಗಾಡಿ

ಚಳ್ಳಕೆರೆಯಲ್ಲಿ ಯಾರಾದ್ರೂ ಹೊಸ ಕಾರು ತಂದ್ರೆ, ಪೂಜೆ ಮುಗಿಯೋಕೂ ಮುಂಚೆ ಬರೋ ಪ್ರಶ್ನೆ ಒಂದೇ: "ಎಷ್ಟು ಕೊಡುತ್ತೆ?" ಕಂಪನಿಗಳಿಗೂ ಇದು ಗೊತ್ತು. ಅದಕ್ಕೇ ಜಾಹೀರಾತಲ್ಲಿ ಮೈಲೇಜ್ ದಪ್ಪಕ್ಷರದಲ್ಲಿ ಇರುತ್ತೆ, ಷರತ್ತು ಇರುವೆ ಸೈಜಲ್ಲಿ.

ಆ ನಂಬರ್ ಬರೋದು ಲ್ಯಾಬಿಂದ. ಪುಣೆಯ ಎಆರ್‌ಎಐನಂಥ ಸಂಸ್ಥೆಗಳಲ್ಲಿ ಗಾಡಿಯನ್ನ ರೋಲರ್ ಮೇಲೆ ನಿಲ್ಲಿಸಿ, ಎಸಿ ಆಫ್ ಮಾಡಿ, ಮೊದಲೇ ನಿಗದಿ ಮಾಡಿದ ವೇಗದಲ್ಲಿ ಓಡಿಸಿ ಅಳೀತಾರೆ. ಏಪ್ರಿಲ್ ಬಿಸಿಲಲ್ಲಿ ಐದು ಜನ ಕೂತು, ಎಸಿ ಇಲ್ಲದೆ ಮೊಳಕಾಲ್ಮೂರಿಗೆ ಹೋಗ್ತೀರಾ? ಹಾಗಾಗಿ ಸ್ವಲ್ಪ ಕಮ್ಮಿ ಬಂದ್ರೆ ಅದು ಮೋಸ ಅಲ್ಲ. ಪ್ರಶ್ನೆ, ಎಷ್ಟು ಕಮ್ಮಿ ಅನ್ನೋದು.

ಕೇರಳದ ತ್ರಿಶ್ಶೂರಿನ ಮಹಿಳೆಯೊಬ್ಬರು 2014ರಲ್ಲಿ ಫೋರ್ಡ್ ಡೀಸೆಲ್ ಕಾರು ತಗೊಂಡಿದ್ರು. ಹೇಳಿದ್ದು ಲೀಟರ್‌ಗೆ 32 ಕಿ.ಮೀ. ಪರಿಣತರು ಪರೀಕ್ಷಿಸಿದಾಗ ಸಿಕ್ಕಿದ್ದು 19.6. 2022ರಲ್ಲಿ ಅಲ್ಲಿನ ಜಿಲ್ಲಾ ಗ್ರಾಹಕ ಆಯೋಗ 3.10 ಲಕ್ಷ ರೂಪಾಯಿ ಕೊಡಿಸ್ತು. ಇನ್ನೊಬ್ಬರು 2004ರಲ್ಲಿ 16ರಿಂದ 18 ಕಿ.ಮೀ. ಅನ್ನೋ ಜಾಹೀರಾತು ನೋಡಿ ಮಾರುತಿ ಕಾರು ಕೊಂಡವರು. ಬಂದಿದ್ದು 10.2. ರಾಷ್ಟ್ರೀಯ ಆಯೋಗ 1 ಲಕ್ಷ ಪರಿಹಾರ ಕೊಡಿ ಅಂದಿದ್ದು 2024ರ ಜನವರಿಯಲ್ಲಿ. ಲೆಕ್ಕ ಹಾಕಿ, ಕಾರು ಗುಜರಿಗೆ ಹೋಗೋ ವಯಸ್ಸು! ಗೆದ್ರು ಅಂತ ಕುಣಿಯೋಕೆ ನನಗಂತೂ ಮನಸ್ಸು ಬರಲ್ಲ.

ಈಗ ನಮ್ಮ ಕಡೆಗೆ ಬರೋಣ. ಮದುವೆ ಸೀಸನ್ನಲ್ಲಿ ಮೊಳಕಾಲ್ಮೂರಿಗೆ ರೇಷ್ಮೆ ಸೀರೆ ತರೋಕೆ ಹೋಗೋರನ್ನ ಕರ್ಕೊಂಡು ಓಡಾಡೋ ಹಳದಿ ಬೋರ್ಡ್ ಅಣ್ಣಂದಿರಿದ್ದಾರಲ್ಲ, ಅವರಿಗೆ ಮೈಲೇಜ್ ಅಂದ್ರೆ ಸಂಬಳ. ನಾನು ಬಿ.ಕಾಂ., ಲೆಕ್ಕ ಬಿಡಲ್ಲ. ದಿನಕ್ಕೆ 150 ಕಿ.ಮೀ., ತಿಂಗಳಿಗೆ 25 ದಿನ ಓಡಿಸ್ತಾರೆ ಅಂತಿಟ್ಕೊಳ್ಳಿ. 25 ಕೊಡುತ್ತೆ ಅಂದಿದ್ದು 17 ಕೊಟ್ರೆ, ತಿಂಗಳಿಗೆ ಸುಮಾರು 70 ಲೀಟರ್ ಜಾಸ್ತಿ. ಪೆಟ್ರೋಲ್ ನೂರು ರೂಪಾಯಿ ಅಂದ್ರೂ ಏಳು ಸಾವಿರ. ಇಎಂಐ ಕಟ್ಟೋ ಮನೇಲಿ ಅದು ರೇಷನ್ನು, ಮಕ್ಕಳ ಫೀಸು.

"ಟ್ಯಾಕ್ಸಿ ಅಂದ್ರೆ ವ್ಯಾಪಾರ, ಗ್ರಾಹಕ ಕೋರ್ಟು ನಿಮಗಲ್ಲ" ಅಂತ ಯಾರಾದ್ರೂ ಅಂದ್ರೆ ಸುಮ್ನೆ ವಾಪಸ್ ಬರ್ಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವ್ಯಾಪಾರಕ್ಕೆ ಕೊಂಡವರನ್ನ ಹೊರಗಿಡುತ್ತೆ, ನಿಜ. ಆದರೆ ಹೊಟ್ಟೆಪಾಡಿಗೆ, ಸ್ವಯಂ ಉದ್ಯೋಗಕ್ಕೆ ಅಂತಲೇ ಕೊಂಡವರು ಗ್ರಾಹಕರೇ ಅಂತ ವಿವರಣೆಯಲ್ಲಿ ಬರೆದಿದೆ. ಸಾಲ ಮಾಡಿ ತಗೊಂಡ ಒಂದೇ ಗಾಡೀನ ತಾನೇ ಓಡಿಸೋ ಡ್ರೈವರ್ ಇದನ್ನೇ ಹಿಡ್ಕೊಂಡು ಕೇಸ್ ಹಾಕಬಹುದು. ಹತ್ತು ಗಾಡಿ ಇಟ್ಟಿರೋ ಟ್ರಾವೆಲ್ಸ್ ಮಾಲೀಕರ ಕಥೆ ಬೇರೆ.

ಸಾಕ್ಷಿ ಮಾತ್ರ ಮೊದಲ ದಿನದಿಂದ ಬೇಕು. ಜಾಹೀರಾತು, ಬ್ರೋಷರ್ ಸ್ಕ್ರೀನ್‌ಶಾಟ್ ತೆಗೆದಿಡಿ, ವೆಬ್‌ಸೈಟಲ್ಲಿ ನಾಳೆ ಅದು ಇರಲ್ಲ. ಸೇಲ್ಸ್ ಹುಡುಗ ಬಾಯಲ್ಲಿ ಹೇಳಿದ್ದನ್ನ ವಾಟ್ಸಾಪಲ್ಲಿ ಬರೆಸ್ಕೊಳ್ಳಿ. ಟ್ಯಾಂಕ್ ಫುಲ್ ಮಾಡಿ ಮೀಟರ್ ಫೋಟೋ, ಮತ್ತೆ ಫುಲ್ ಮಾಡಿದಾಗ ಬಿಲ್ಲಿನ ಜೊತೆ ಇನ್ನೊಂದು. ಸರ್ವಿಸ್‌ನಲ್ಲಿ ದೂರು ಬರೆಸಿದ ಜಾಬ್ ಕಾರ್ಡ್ ಬಿಸಾಕ್ಬೇಡಿ.

ಗಾಡಿ ಕೊಂಡಿದ್ದು ಬೆಂಗಳೂರಲ್ಲಾದ್ರೂ, ನೀವು ಇರೋದು ಇಲ್ಲಿ ಅಂದ್ರೆ ಚಿತ್ರದುರ್ಗದ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು, ಆನ್‌ಲೈನಲ್ಲೂ ಆಗುತ್ತೆ. ಗಡುವು 2 ವರ್ಷ. ಮೊದಲು ವಿಚಾರಿಸೋಕೆ ಸಹಾಯವಾಣಿ 1915. ಐದರಿಂದ ಹತ್ತು ಲಕ್ಷದ ಗಾಡಿಗೆ ದೂರಿನ ಶುಲ್ಕ 200 ರೂಪಾಯಿ, ಹೆಚ್ಚುಕಮ್ಮಿ ಎರಡು ಲೀಟರ್ ಪೆಟ್ರೋಲ್ ದುಡ್ಡು.