ದಣಿವೂ ನಡಿಗೆಯೂ
(ಸಂಘದ ಸದಸ್ಯರು ವೇರೂಳಿಗೆ ಪ್ರವಾಸ ಹೋಗಿದ್ದಾಗ ಅಲ್ಲಿ ಮಾಡಿದ ಭಾಷಣ)



ಈ ಬೆಳಿಗ್ಗೆ ನಾವೆಲ್ಲರೂ ಕೈಲಾಸ ದೇಗುಲವನ್ನು ಕಂಡು ಧನ್ಯರಾದೆವು. ಎಂಟನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ಕಾಲದಲ್ಲಿ, ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತ ಬಂದು ಮಾಡಿದ ಗುಡಿಯಿದು. ಇಲ್ಲಿಯ 34 ಗುಹೆಗಳನ್ನು ಸುತ್ತುವಷ್ಟರಲ್ಲಿ ಗಟ್ಟಿಮುಟ್ಟಾದವರ ಕಾಲೂ ಸೋಲುತ್ತದೆ.

ನಮ್ಮೊಡನೆ ಬಂದ ಗೆಳೆಯರೊಬ್ಬರು ಕ್ಯಾನ್ಸರಿಗೆ ಔಷಧೋಪಚಾರ ಪಡೆಯುತ್ತಿರುವವರು. ವೈದ್ಯರ ಒಪ್ಪಿಗೆ ಪಡೆದೇ ಬಂದಿದ್ದಾರೆ. ಅಂಗಳದಲ್ಲಿ ತುಸು ನಡೆದರು, ನೆರಳಿನಲ್ಲಿ ಕುಳಿತರು, ಮತ್ತೆ ತುಸು ನಡೆದರು. "ಪಾಪ, ಅವರನ್ನೇಕೆ ನಡೆಸುತ್ತೀರಿ?" ಎಂದು ನಮ್ಮಲ್ಲಿಯೇ ಕೆಲವರು ಗದರಿಕೊಂಡರು. ಆದುದರಿಂದ ಈ ನಾಲ್ಕು ಮಾತು.

ದುಡಿಮೆಯ ದಣಿವನ್ನು ನಾವು ಬಲ್ಲೆವು. ಒಂದು ರಾತ್ರಿಯ ನಿದ್ದೆಗೆ ಅದು ಇಳಿಯುತ್ತದೆ. ಚಿಕಿತ್ಸೆಯ ದಣಿವು ಹಾಗಲ್ಲ. ರೋಗ, ಔಷಧ, ವಿಕಿರಣ, ರಕ್ತಹೀನತೆ, ಊಟ ಸೇರದಿರುವುದು, ಚಿಂತೆ—ಇವೆಲ್ಲ ಕೂಡಿ ಬರುವ ದಣಿವದು, ಮೈಗಳ್ಳತನವಲ್ಲ. ಆದರೆ ಸದಾ ಮಲಗಿಯೇ ಇದ್ದರೆ ಸ್ನಾಯುಗಳು ಸೊರಗುತ್ತವೆ. ಸಣ್ಣ ಕೆಲಸವೂ ಭಾರವಾಗುತ್ತದೆ. ಭಾರವಾಯಿತೆಂದು ಮತ್ತೆ ಹಾಸಿಗೆ. ಈ ಸುತ್ತನ್ನು ಮುರಿಯಲು ಹಿತಮಿತವಾದ ವ್ಯಾಯಾಮ ನೆರವಾಗುತ್ತದೆ. ವಾರಕ್ಕೆ 3 ಸಲ, ಸಲಕ್ಕೆ 30 ನಿಮಿಷದ ನಡಿಗೆಯಂಥ ಸಾಧಾರಣ ಶ್ರಮದಿಂದ ಈ ದಣಿವು ಕಡಮೆಯಾಗುವುದೆಂದು 2019ರಲ್ಲಿ ಹಲವು ದೇಶಗಳ ತಜ್ಞರು ಹೇಳಿದರು. 2022ರಲ್ಲಿ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘವು, ಗುಣಪಡಿಸುವ ಚಿಕಿತ್ಸೆ ನಡೆದಿರುವಾಗಲೇ ವ್ಯಾಯಾಮವನ್ನು ಸೂಚಿಸಬೇಕೆಂದು ತನ್ನ ವೈದ್ಯರಿಗೆ ತಿಳಿಸಿತು. ಮೊದಲ ದಿನವೇ 30 ನಿಮಿಷ ಬೇಡ. 5 ನಿಮಿಷದಿಂದ ಆರಂಭಿಸಿದರೂ ಸರಿ.

ಎಚ್ಚರಿಕೆಯೂ ಬೇಕು. ಜ್ವರ, ತಲೆಸುತ್ತು, ಎದೆನೋವು, ಉಬ್ಬಸ, ರಕ್ತಸ್ರಾವ ಕಂಡರೆ ನಿಲ್ಲಿಸಿ ಕೂಡಲೆ ವೈದ್ಯರಿಗೆ ತಿಳಿಸಬೇಕು. ರೋಗ ಎಲುಬಿಗೆ ಹಬ್ಬಿದ್ದರೆ ಅವರನ್ನು ಕೇಳದೆ ಯಾವ ವ್ಯಾಯಾಮವೂ ಸಲ್ಲದು. ಇನ್ನೊಂದು ಮಾತು: "ವ್ಯಾಯಾಮ ಒಳ್ಳೆಯದಂತೆ" ಎಂದು ಕಾಯಿಲೆಯ ಹೆಂಗಸಿನ ತಲೆಯ ಮೇಲೆ ನೀರಿನ ಕೊಡ, ಒಲೆ, ಪಾತ್ರೆಗಳನ್ನು ಹೊರಿಸಬೇಡಿರಿ. ಆ ಕೆಲಸವನ್ನು ನಾವು ಹಂಚಿಕೊಂಡರೇ ಅವಳಿಗೆ ನಡೆಯುವಷ್ಟು ಕಸುವು ಉಳಿದೀತು.

ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯು 1941ರಲ್ಲಿ ಆರಂಭವಾದುದು. ಅಲ್ಲಿಗೆ ಕನ್ನಡನಾಡಿನಿಂದಲೂ ರೋಗಿಗಳು ಬರುತ್ತಾರೆ. ಭಾಷೆ ಬಾರದೆ, ಹೊರಗೆ ಕಾಲಿಡಲು ಅಂಜಿ ಕೋಣೆಯಲ್ಲಿಯೇ ಉಳಿಯುವವರುಂಟು. ಅವರಿಗೆ ಹಣ್ಣು ಒಯ್ದು ಕೊಟ್ಟು ಬರುವುದಷ್ಟೇ ಸಾಲದು. ವೈದ್ಯರು ಒಪ್ಪಿದರೆ, ಸಂಜೆ ಅವರೊಡನೆ ಹತ್ತು ನಿಮಿಷ ನಡೆಯೋಣ. ಅವರು ನಿಂತಲ್ಲಿ ನಾವೂ ನಿಲ್ಲೋಣ. ಇಷ್ಟು ನಮ್ಮಿಂದಾಗದೆ?